ಯಾಣದ ಕಾರು ಸ್ವಲ್ಪ ಕೆಳಗೇ ನಿಲ್ಲಲಿ

ಉತ್ತರ ಕನ್ನಡ ಜಿಲ್ಲೆಯ ಕಾಡು, ರಸ್ತೆ, ಪ್ರವಾಸ ಮೂರನ್ನೂ ನೋಡಿಕೊಳ್ಳುವ ಅಧಿಕಾರಿಗಳಿಗೆ, ಭಾನುವಾರ ಬಂತೆಂದರೆ ಕಾರು ತೆಗೆಯುವ ನಮ್ಮ ನಿಮ್ಮೆಲ್ಲರಿಗೆ,

ನಮಸ್ಕಾರ.

ನಾನು ಶಿರಸಿಯವನು. ಸೈಕಲ್ ರಿಪೇರಿ ಅಂಗಡಿ ನನ್ನದು. ಅಪ್ಪ ಶುರು ಮಾಡಿದ್ದ, ನಾನು ಮುಂದುವರಿಸಿದೆ, ನನ್ನ ಮಗಳು ಅಮೆರಿಕಕ್ಕೆ ಹೋದಳು. ಅಂಗಡಿಯ ಕಥೆ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಈಗ ನೋಡಿದರೆ ಬ್ಯಾಟರಿ ಸೈಕಲ್ ರಿಪೇರಿಗೆ ಬರುತ್ತಿವೆ, ಮತ್ತೆ ಕೈ ಕೊಳೆಯಾಗುತ್ತಿದೆ.

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾಳೆ ಯಾರೋ ಒಬ್ಬರು "ಸೈಕಲ್ ಅಂಗಡಿಯವ ತನ್ನ ವ್ಯಾಪಾರಕ್ಕೆ ಪತ್ರ ಬರೆದಿದ್ದಾನೆ" ಅಂತ ಹೇಳಿಯೇ ಹೇಳುತ್ತಾರೆ. ಹೇಳಲಿ. ಅರವತ್ತು ದಾಟಿದೆ. ಇನ್ನು ದೊಡ್ಡ ವ್ಯಾಪಾರ ಮಾಡುವ ಆಸೆಯೂ ಇಲ್ಲ, ಮಂಡಿಯೂ ಇಲ್ಲ.

ನನ್ನ ಮಾತು ಇಷ್ಟೇ. ಜನ ಜಾಸ್ತಿ ಬರುವ ದಿನಗಳಲ್ಲಿ ಹೊರಗಿನ ಕಾರುಗಳನ್ನು, ಕಾಡಿನ ನಡುವೆ ಕರೀ ಬಂಡೆಗಳು ಎದ್ದು ನಿಂತ ಯಾಣದ ತನಕ ಬಿಡಬೇಡಿ. ಕೆಳಗೆ, ಮುಖ್ಯ ರಸ್ತೆಯ ಹತ್ತಿರ ಎಲ್ಲಾದರೂ ನಿಲ್ಲಿಸಿ. ಅಲ್ಲಿಂದ ಬಸ್ಸು ಓಡಿಸಿ. ಜತೆಗೆ ಬಾಡಿಗೆಗೆ ಬ್ಯಾಟರಿ ಸೈಕಲ್ ಇಡಿ. ಇದು ನನಗೆ ಹೇಗೆ ಹೊಳೆಯಿತು ಅನ್ನುವುದಕ್ಕೆ ಸ್ವಲ್ಪ ದೂರದಿಂದ ಬರಬೇಕು.

ಹೋದ ವರ್ಷ ಅಕ್ಟೋಬರ್‌ನಲ್ಲಿ ಮಗಳ ಮನೆಗೆ ಹೋಗಿದ್ದೆ. ನನ್ನ ಜತೆ ಹೈಸ್ಕೂಲು ಓದಿದ ಇಬ್ಬರು ಗೆಳೆಯರ ಮಕ್ಕಳೂ ಆ ಕಡೆಯೇ ಇದ್ದಾರೆ, ಆ ಗೆಳೆಯರೂ ಅದೇ ಹೊತ್ತಿಗೆ ಬಂದಿದ್ದರು. ಒಬ್ಬ ಬ್ಯಾಂಕಿನಲ್ಲಿದ್ದು ನಿವೃತ್ತನಾದವ. ಇನ್ನೊಬ್ಬನದು ಅಡಿಕೆ ತೋಟ. ಶಿರಸಿಯಲ್ಲಿದ್ದಾಗ ತಿಂಗಳಿಗೊಮ್ಮೆ ಭೇಟಿಯಾಗದವರು ಅಲ್ಲಿ ಹೋಗಿ ಸೇರಿದೆವು. ಮಕ್ಕಳೆಲ್ಲ ಸೇರಿ ನಮ್ಮನ್ನು ಯುಟಾ ರಾಜ್ಯದ ಝಯನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋದರು.

ಉದ್ಯಾನ ಅಂದರೆ ಹೂವಿನ ಗಿಡ, ಕಾರಂಜಿ ಅಲ್ಲ. ಕೆಂಪು ಬಂಡೆಯ ಕಣಿವೆ. ಎರಡೂ ಕಡೆ ಸುಮಾರು 600 ಮೀಟರ್ ಎತ್ತರದ ಗೋಡೆ, ನಡುವೆ ವರ್ಜಿನ್ ಅನ್ನುವ ಸಣ್ಣ ನದಿ. ನಮ್ಮ ಅಘನಾಶಿನಿಗೆ ಹೋಲಿಸಿದರೆ ಅದು ಹಳ್ಳ. ಆ ಹಳ್ಳವೇ ಅಷ್ಟು ದೊಡ್ಡ ಕಣಿವೆ ಕೊರೆದಿದೆ ಅಂತ ಮಗಳು ಹೇಳಿದಾಗ ತೋಟದ ಗೆಳೆಯ ನಂಬಲೇ ಇಲ್ಲ. 1919ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿದ್ದಾರೆ. 2021ರಲ್ಲಿ ಒಂದೇ ವರ್ಷಕ್ಕೆ 50 ಲಕ್ಷಕ್ಕೂ ಜಾಸ್ತಿ ಭೇಟಿಗಳು ಲೆಕ್ಕಕ್ಕೆ ಸಿಕ್ಕಿವೆ. ಮುಕ್ಕಾಲು ಪಾಲು ಜನ ನೋಡಲು ಬರುವುದು ಆ ಒಂದೇ ಇಕ್ಕಟ್ಟು ಕಣಿವೆಯನ್ನು. ಒಳಗೆ ಹೋಗುವುದಕ್ಕೂ ಬರುವುದಕ್ಕೂ ಒಂದೇ ರಸ್ತೆ, ಉದ್ದ ಸುಮಾರು 10 ಕಿಲೋಮೀಟರ್.

ಯಾಣದ ಹಾಗೇ ಅಲ್ವಾ? ಬಂಡೆ, ಕಣಿವೆ, ಒಂದು ಸಣ್ಣ ರಸ್ತೆ, ಎಲ್ಲರೂ ಒಂದೇ ದಿನ.

ಹಿಂದೆ ಅಲ್ಲೂ ಕಾರುಗಳದ್ದೇ ಗೋಳಂತೆ. ನಿಲ್ಲಿಸಲು ಜಾಗ ಹುಡುಕುತ್ತಾ ಸುತ್ತುವುದು, ರಸ್ತೆ ಪಕ್ಕದ ಹುಲ್ಲಿನ ಮೇಲೆ ಹತ್ತಿಸುವುದು. 2000ನೇ ಇಸವಿಯಲ್ಲಿ ಒಂದು ನಿರ್ಧಾರ ಮಾಡಿದರು. ಜನ ಬರುವ ತಿಂಗಳುಗಳಲ್ಲಿ ಕಣಿವೆಯ ರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ. ಬಾಗಿಲಲ್ಲಿ ನಿಲ್ಲಿಸಿ ಬಸ್ಸು ಹತ್ತಬೇಕು. ಬಸ್ಸಿಗೆ ಬೇರೆ ಟಿಕೆಟ್ ಇಲ್ಲ. ಕಣಿವೆಯೊಳಗಿನ ಲಾಡ್ಜಿನಲ್ಲಿ ರೂಮು ಹಿಡಿದವರ ಕಾರಿಗೆ ಮಾತ್ರ ಲಾಡ್ಜಿನ ತನಕ ಚೀಟಿ ಕೊಡುತ್ತಾರೆ. ಚಳಿಗಾಲದಲ್ಲಿ ಜನ ಕಡಿಮೆಯಾಗಿ ಬಸ್ಸು ನಿಂತಾಗ ಮತ್ತೆ ಎಲ್ಲರ ಕಾರೂ ಬಿಡುತ್ತಾರೆ. ಈಗ ಆ ಬಸ್ಸುಗಳೆಲ್ಲ ಬ್ಯಾಟರಿಯವು.

ಇನ್ನೊಂದು ದಾರಿಯೂ ಇದೆ. ಸೈಕಲ್. ಅದನ್ನು ಯಾರೂ ತಡೆಯುವುದಿಲ್ಲ. ಬ್ಯಾಟರಿ ಸೈಕಲ್ಲಿಗೂ ಅಡ್ಡಿ ಇಲ್ಲ, ಆದರೆ ಪೆಡಲ್ ತುಳಿದರೆ ಮಾತ್ರ ಮೋಟಾರು ಕೈ ಜೋಡಿಸುವ ಬಗೆಯದೇ ಆಗಬೇಕು. ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್ ಮುಟ್ಟಿದ ತಕ್ಷಣ ಮೋಟಾರು ಸುಮ್ಮನಾಗುತ್ತದೆ. ಎಕ್ಸಲರೇಟರ್ ತಿರುವಿ ಕೂತಲ್ಲೇ ಹೋಗುವಂಥದ್ದು ಆಗುವುದಿಲ್ಲ.

ಉದ್ಯಾನದ ಬಾಗಿಲಿಗೆ ಹೊಂದಿಕೊಂಡೇ ಸ್ಪ್ರಿಂಗ್‌ಡೇಲ್ ಅನ್ನುವ ಊರು. ಅಲ್ಲಿ ಸೈಕಲ್ ಬಾಡಿಗೆ ಅಂಗಡಿಗಳು ಸಾಲಾಗಿವೆ. ಬಾಡಿಗೆ ಕೇಳಿ ನನಗೆ ಎದೆ ಧಸಕ್ಕೆಂದಿತು. "ರೂಪಾಯಿಗೆ ಲೆಕ್ಕ ಹಾಕಬೇಡ ಅಪ್ಪ" ಅಂದಳು ಮಗಳು. ಹಾಕದೇ ಇರುವುದು ಹೇಗೆ? ಆ ದುಡ್ಡಿಗೆ ನಮ್ಮಲ್ಲಿ ಒಂದು ಹಳೇ ಸೈಕಲ್ಲೇ ಬರುತ್ತದೆ.

ಅಂಗಡಿಯ ಹುಡುಗ ಸೀಟು ಎತ್ತರ ಮಾಡಿಕೊಟ್ಟ. ಅಭ್ಯಾಸಬಲ, ನಾನು ಮುಂದಿನ ಚಕ್ರ ಎತ್ತಿ ತಿರುಗಿಸಿ ನೋಡಿದೆ. ರಿಮ್ಮು ಒಂದು ಕೂದಲೆಳೆಯೂ ಓಲಾಡಲಿಲ್ಲ. ಬ್ರೇಕು ಎರಡೂ ಕಡೆ ಡಿಸ್ಕು, ಒಳಗೆ ಎಣ್ಣೆ. ಒಂದೇ ಬೆರಳಲ್ಲಿ ಹಿಡಿದರೆ ಸಾಕು. ಸೈಕಲ್ ಎತ್ತಲು ಹೋದೆ, ಸೊಂಟ ಬೇಡ ಅಂದಿತು. 25 ಕಿಲೋ ಇತ್ತೇನೋ. ನಾನು ಹೀಗೆ ಚೈನು, ಗೇರು ಮುಟ್ಟಿ ಮುಟ್ಟಿ ನೋಡುವುದನ್ನು ಕಂಡು ಹುಡುಗನಿಗೆ ಅನುಮಾನ ಬಂತು. ಮಗಳು "ನಮ್ಮಪ್ಪನದೂ ಸೈಕಲ್ ಅಂಗಡಿ" ಅಂದಳು. ಅವನು ತಕ್ಷಣ ಕೈ ಒರೆಸಿಕೊಂಡು ನನ್ನ ಕೈ ಕುಲುಕಿದ. ಬಾಡಿಗೆಯಲ್ಲಿ ಒಂದು ಪೈಸೆ ಬಿಡಲಿಲ್ಲ, ಅದು ಬೇರೆ ಮಾತು.

ನಾಲ್ವರು ಹೊರಟೆವು. ಮೊದಲು ನದಿಯ ಪಕ್ಕದಲ್ಲೇ ಸೈಕಲ್ಲಿಗೂ ನಡೆಯುವವರಿಗೂ ಅಂತ ಮಾಡಿದ ಡಾಂಬರು ದಾರಿ, ಆಮೇಲೆ ದೊಡ್ಡ ರಸ್ತೆ. ಮೋಟಾರು ತಳ್ಳುವುದು ಅನುಭವಿಸದವರಿಗೆ ಹೇಗೆ ಹೇಳಲಿ? ಸಣ್ಣವನಿದ್ದಾಗ ಸೈಕಲ್ ಕಲಿಯುವಾಗ ಅಪ್ಪ ಹಿಂದೆ ಸೀಟು ಹಿಡಿದುಕೊಂಡು ಓಡಿ ಬರುತ್ತಿದ್ದ. ಹಾಗೆ. ಯಾರೋ ಹಿಂದಿನಿಂದ ಅಂಗೈ ಇಟ್ಟು ದೂಡಿದ ಹಾಗೆ. ಹತ್ತು ವರ್ಷದಿಂದ ಏರು ಕಂಡರೆ ಇಳಿದು ತಳ್ಳುತ್ತಿದ್ದ ನಾನು ಅವತ್ತು ಇಳಿಯಲೇ ಇಲ್ಲ.

ಬ್ಯಾಂಕಿನ ಗೆಳೆಯನಿಗೆ ಖುಷಿ ತಡೆಯಲಾಗಲಿಲ್ಲ. ಹ್ಯಾಂಡಲ್ ಪಕ್ಕದ ಗುಂಡಿ ಒತ್ತಿ ಮೋಟಾರನ್ನು ಪೂರ್ತಿ ಜೋರಿಗೆ ಇಟ್ಟುಕೊಂಡು ಮುಂದೆ ಮುಂದೆ ಹೋದ. "ನಿಧಾನ ಮಾರಾಯ, ಬ್ಯಾಟರಿ ತಿಂದುಬಿಡುತ್ತದೆ" ಅಂದೆ. ಮೂವತ್ತು ವರ್ಷ ಬೇರೆಯವರ ಸಾಲದ ಲೆಕ್ಕ ನೋಡಿದವ ತನ್ನ ಬ್ಯಾಟರಿಯ ಲೆಕ್ಕ ನೋಡಲಿಲ್ಲ. ಕಣಿವೆಯ ತುದಿ ಮುಟ್ಟಿದಾಗ ಒಂದೇ ಗೆರೆ ಉಳಿದಿತ್ತು. ಪುಣ್ಯಕ್ಕೆ ಹೋಗುವಾಗ ನದಿಗೆ ಎದುರಾಗಿ ಹೋಗಿದ್ದೆವು, ಬರುವಾಗ ಇಳಿಜಾರು. ಹೊಳೆ ಹರಿದ ಹಾಗೇ ಹರಿದು ಬಂದ.

ನಡುವೆ ಒಂದು ಮರ್ಯಾದೆ ಹೋಗುವ ಕೆಲಸವೂ ಆಯಿತು. ನಾವು ಮೂವರು ಪಕ್ಕಪಕ್ಕದಲ್ಲಿ ಹೋಗುತ್ತಾ ಅಡಿಕೆ ರೇಟಿನ ಬಗ್ಗೆ ಜೋರಾಗಿ ಮಾತಾಡುತ್ತಿದ್ದೆವು. ಹಿಂದಿನಿಂದ ಬಂದ ಹೆಂಗಸೊಬ್ಬರು ಕೈ ಮಾಡಿ ಹಿಂದೆ ನೋಡಿ ಅಂದರು. ತಿರುಗಿ ನೋಡಿದರೆ ಬಸ್ಸು. ಎಷ್ಟು ಹೊತ್ತಿನಿಂದ ನಮ್ಮ ಹಿಂದೆಯೇ ತೆವಳುತ್ತಿತ್ತೋ ಏನೋ. ಹಾರನ್ ಹೊಡೆದಿರಲಿಲ್ಲ. ಅಲ್ಲಿಯ ನಿಯಮ ಹೀಗೆ: ಬಸ್ಸು ಓಡುತ್ತಿರುವ ಸೈಕಲ್ಲನ್ನು ಹಿಂದೆ ಹಾಕುವ ಹಾಗಿಲ್ಲ. ಸೈಕಲ್ಲಿನವನೇ ಪಕ್ಕಕ್ಕೆ ಹೋಗಿ ಕಾಲು ಊರಿ ನಿಲ್ಲಬೇಕು, ಆಮೇಲೆ ಬಸ್ಸು ಮುಂದೆ ಹೋಗುತ್ತದೆ. ನಮ್ಮಲ್ಲಿ ಬಸ್ಸು ಹಾರನ್ ಹೊಡೆಯದೇ ಹಿಂದೆ ಬಂದರೆ ಹಾರನ್ ಕೆಟ್ಟಿದೆ ಅಂತಲೇ ಲೆಕ್ಕ. ನಾವು ತಲೆ ತಗ್ಗಿಸಿ ಪಕ್ಕಕ್ಕೆ ನಿಂತೆವು. ಡ್ರೈವರು ಕೈ ಎತ್ತಿ ಹೋದ.

ಅಲ್ಲಿ ಎಲ್ಲವೂ ಚಂದ ಅಂತ ನಾನು ಹೇಳುವುದಿಲ್ಲ. ಬಸ್ಸಿಗೆ ಬಿಸಿಲಲ್ಲಿ ಉದ್ದ ಸರದಿ ಇತ್ತು. ಸೈಕಲ್ಲಿನವರದ್ದೂ ಒಂದು ಜಾತ್ರೆಯೇ ಆಗಿತ್ತು. ಹತ್ತು ಹನ್ನೆರಡು ಜನರ ಗುಂಪುಗಳು, ಬೆಲ್ಲು ಬಾರಿಸದೇ ಕಿವಿ ಪಕ್ಕದಲ್ಲಿ ಹಾದು ಹೋಗುವ ಹುಡುಗರು. ಬ್ಯಾಟರಿ ಸೈಕಲ್ ಬಂದ ತಕ್ಷಣ ಮನುಷ್ಯ ಸಂಭಾವಿತನಾಗುವುದಿಲ್ಲ. ಅಲ್ಲಿಯ ಒಂದು ಕಡಿದಾದ ಶಿಖರ ಹತ್ತಲು 2022ರಿಂದ ಚೀಟಿ ಎತ್ತಿ ಅನುಮತಿ ಕೊಡುತ್ತಿದ್ದಾರೆ, ಅಷ್ಟು ಜನ.

ಆದರೂ ಒಂದು ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕಣಿವೆಯ ತುದಿಗೆ ಸ್ವಲ್ಪ ಮೊದಲು ಒಂದು ತಿರುವಿನಲ್ಲಿ ನೀರು ಕುಡಿಯಲು ನಿಂತಿದ್ದೆವು. ಬಸ್ಸು ಹೋಗಿ ಆಗಿತ್ತು. ನದಿಯ ಸದ್ದು ಕೇಳಿತು. ಅಷ್ಟು ಜನ ಇರುವ ಜಾಗದಲ್ಲಿ, ರಸ್ತೆಯ ಮೇಲೆ ನಿಂತು, ನೀರಿನ ಸದ್ದು. ತೋಟದ ಗೆಳೆಯ ಕಿವಿ ಕೊಟ್ಟು ನಿಂತು, "ಯಾಣದಲ್ಲಿ ಚಂಡಿ ಹೊಳೆ ಸದ್ದು ಕೇಳಿ ಎಷ್ಟು ವರ್ಷ ಆಯ್ತು ಮಾರಾಯ" ಅಂದ.

ಅಲ್ಲಿಂದ ಈ ಪತ್ರ ಶುರುವಾಯಿತು.

"ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ" ಅನ್ನುವುದು ನಮ್ಮ ಕಡೆಯ ಹಳೇ ಮಾತು. ಯಾಣಕ್ಕೆ ಹೋಗಲು ಕಾಲಲ್ಲಿ ಕಸುವು ಬೇಕಿತ್ತು. ನಾವು ಹುಡುಗರಿದ್ದಾಗ ಶಿವರಾತ್ರಿಗೆ ಗುಂಪು ಕಟ್ಟಿಕೊಂಡು ಕಾಡಿನಲ್ಲಿ ನಡೆದು ಹೋಗುತ್ತಿದ್ದೆವು. ಮರಗಳ ಸಂದಿಯಲ್ಲಿ ಇದ್ದಕ್ಕಿದ್ದ ಹಾಗೆ 120 ಮೀಟರಿನ ಆ ಕರೀ ಭೈರವೇಶ್ವರ ಶಿಖರ ಎದ್ದು ನಿಂತಾಗ, ನಡೆದ ಸುಸ್ತು ಎಲ್ಲಿ ಹೋಯಿತೋ ಗೊತ್ತಾಗುತ್ತಿರಲಿಲ್ಲ. ಈಗ ಸೊಕ್ಕೂ ಬೇಡ. ರೊಕ್ಕ ಇದ್ದವರೇ ಎರಡೂ ಕಡೆ ಹೋಗುತ್ತಾರೆ, ಬೆಳಿಗ್ಗೆ ಗೋಕರ್ಣ, ಮಧ್ಯಾಹ್ನ ಯಾಣ, ಸಂಜೆ ವಿಭೂತಿ ಜಲಪಾತ. ನಾನು ಬೇಡ ಅನ್ನುವುದಿಲ್ಲ. ರಸ್ತೆ ಬಂದದ್ದು ಒಳ್ಳೆಯದೇ. ಯಾಣದ ಸುತ್ತಲಿನ ಮನೆಗಳಲ್ಲಿ ಹೆರಿಗೆ ನೋವು ಬಂದರೆ ಕಂಬಳಿಯಲ್ಲಿ ಹೊತ್ತುಕೊಂಡು ಹೋಗುವ ಕಾಲ ಹೋಯಿತಲ್ಲ.

ಕಳೆದ ಡಿಸೆಂಬರ್‌ನ ಕೊನೆಯ ಭಾನುವಾರ ನಾವು ಅದೇ ಮೂವರು ಯಾಣಕ್ಕೆ ಹೋದೆವು. ನನ್ನ ಅಂಗಡಿಯಲ್ಲೇ ಮೋಟಾರು ಕೂರಿಸಿದ ಮೂರು ಸೈಕಲ್. ಹಿಂದಿನ ಚಕ್ರದ ನಡುವಿನ ಹಬ್ಬಿನಲ್ಲಿ 250 ವ್ಯಾಟಿನ ಮೋಟಾರು, ಕೆಳಗಿನ ದಂಡಕ್ಕೆ ಬ್ಯಾಟರಿ. ಈ ಅಳತೆ ಒಳಗೆ ಇದ್ದು, ವೇಗ ಗಂಟೆಗೆ 25 ಕಿಲೋಮೀಟರ್ ದಾಟದಿದ್ದರೆ ನಮ್ಮ ದೇಶದಲ್ಲಿ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ಶಿರಸಿಯಿಂದ ಯಾಣಕ್ಕೆ ಸುಮಾರು 40 ಕಿಲೋಮೀಟರ್. ಅಷ್ಟು ದೂರ ತುಳಿಯುವ ಹುಚ್ಚು ನಮಗಿಲ್ಲ. ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಿ ಯಾಣದ ರಸ್ತೆಗೆ ತಿರುಗುವಲ್ಲಿ ಇಳಿಸಿಕೊಂಡೆವು.

ಮೊದಲ ಅರ್ಧ ಗಂಟೆ ಸುಖ. ಆಮೇಲೆ ನಿಂತ ಕಾರುಗಳ ಸಾಲು ಶುರುವಾಯಿತು. ಎದುರಿನಿಂದ ಒಂದು ಟೆಂಪೋ ಟ್ರಾವೆಲರ್ ಬಂದಿದೆ, ಈ ಕಡೆಯಿಂದ ಹದಿನೈದು ಇಪ್ಪತ್ತು ಕಾರು. ರಸ್ತೆ ಒಂದೂವರೆ ಗಾಡಿ ಅಗಲ. ಯಾರೂ ಹಿಂದೆ ಹೋಗುವವರಿಲ್ಲ. ಎಲ್ಲರ ಇಂಜಿನ್ನೂ ಚಾಲೂ, ಎಲ್ಲರ ಏಸಿಯೂ ಚಾಲೂ. ಕಾಡಿನ ನಡುವೆ ಡೀಸೆಲ್ ವಾಸನೆ. ಒಂದು ಕಾರಿನಲ್ಲಿ ಮಗು ಒಂದೇ ಸಮನೆ ಅಳುತ್ತಿತ್ತು. ಅದರ ತಾಯಿ ಕಿಟಕಿ ಇಳಿಸಿ, "ಇನ್ನೂ ಎಷ್ಟು ದೂರ ಅಂಕಲ್?" ಅಂತ ಕೇಳಿದರು. "ಹತ್ತಿರವೇ, ಆದರೆ ಈ ಕಾರಿನಲ್ಲಿ ದೂರ" ಅಂದೆ. ನಗಲಿಲ್ಲ ಪಾಪ. ಬೆಂಗಳೂರಿನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿದ್ದರಂತೆ.

ನಾವು ಸಂದಿಯಲ್ಲಿ ನುಗ್ಗಿ ಹೋಗುತ್ತಿದ್ದೆವು. ಒಂದು ತಿರುವಿನಲ್ಲಿ ಕಾರೊಂದು ಇದ್ದಕ್ಕಿದ್ದ ಹಾಗೆ ರಿವರ್ಸ್ ಬಂತು. ತೋಟದ ಗೆಳೆಯ ತಪ್ಪಿಸಿಕೊಳ್ಳಲು ಹೋಗಿ ಸೈಕಲ್ ಸಮೇತ ಚರಂಡಿಗೆ. ಮೊಣಕೈ ತರಚಿತು, ಹ್ಯಾಂಡಲ್ ಡೊಂಕಾಯಿತು. ಕಾರಿನವನು ಇಳಿದು ಬಂದು ಹತ್ತು ಸಲ ಸಾರಿ ಹೇಳಿದ. ಅವನದ್ದೂ ತಪ್ಪಿಲ್ಲ. ಅವನ ಹಿಂದಿನ ಗಾಜಿನ ತುಂಬ ಬ್ಯಾಗು. ಮುಂದಿನ ಚಕ್ರವನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು ಹ್ಯಾಂಡಲನ್ನು ನೆಟ್ಟಗೆ ಮಾಡಿದೆ. ಗೆಳೆಯನನ್ನು ನೆಟ್ಟಗೆ ಮಾಡಲು ಒಂದು ಸೋಡಾ ಬೇಕಾಯಿತು.

ವಾಹನ ನಿಲ್ಲಿಸುವಲ್ಲಿ ಚೀಟಿ ಹರಿಯುವ ಹುಡುಗನಿಗೆ ಪೀಕಲಾಟ. ಅವನ ಪುಸ್ತಕದಲ್ಲಿ ಬಸ್ಸು ಇತ್ತು, ಕಾರು ಇತ್ತು, ಬೈಕ್ ಇತ್ತು. ಸೈಕಲ್ ಇರಲಿಲ್ಲ. "ಮೋಟಾರು ಇದೆಯಲ್ಲ, ಬೈಕಿನ ಚೀಟಿ ಹರಿಯಲಾ?" ಅಂದ. ಹರಿ ಅಂದೆ. ಆಮೇಲೆ ಅವನೇ ಬೇಡ ಬಿಡಿ ಅಂತ ಮರದ ಬುಡದಲ್ಲಿ ನಿಲ್ಲಿಸಿಕೊಟ್ಟ. ಒಳ್ಳೆ ಹುಡುಗ. ಪುಸ್ತಕ ಪ್ರಿಂಟು ಮಾಡಿಸಿದವರಿಗೆ ಯಾಣಕ್ಕೆ ಯಾರಾದರೂ ಸೈಕಲ್ಲಿನಲ್ಲಿ ಬರಬಹುದು ಅಂತ ಅನಿಸಿರಲಿಲ್ಲ, ಅಷ್ಟೇ.

ಬಂಡೆಯ ಬುಡಕ್ಕೆ ನಡೆದು ಹೋದೆವು. ಮೇಲೆ ಹೆಜ್ಜೇನಿನ ತಟ್ಟಿಗಳು ತೂಗುತ್ತಿದ್ದವು. ಕೆಳಗೆ ಯಾರದೋ ಸ್ಪೀಕರ್. ಹೊಳೆ ಹರಿಯುತ್ತಿತ್ತು, ಕಣ್ಣಿಗೆ ಕಂಡಿತು. ಕಿವಿಗೆ ಕೇಳಲಿಲ್ಲ.

ಈಗ ನೀವು ಹೇಳಬಹುದು, ರಸ್ತೆ ಅಗಲ ಮಾಡಿಸೋಣ, ದೊಡ್ಡ ಪಾರ್ಕಿಂಗ್ ಕಟ್ಟಿಸೋಣ ಅಂತ. ದಯವಿಟ್ಟು ಬೇಡ. ಅಗಲ ಮಾಡುವುದೆಂದರೆ ಒಂದು ಕಡೆ ಗುಡ್ಡ ಕಡಿಯಬೇಕು, ಇನ್ನೊಂದು ಕಡೆ ಹೊಳೆಗೆ ಮಣ್ಣು ತಳ್ಳಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿದು ಗಂಗಾವಳಿ ನದಿಗೆ ಬಿದ್ದ ಮೇಲೆ, ಗುಡ್ಡಕ್ಕೆ ಜೆಸಿಬಿ ಹತ್ತಿಸುವ ಮಾತು ಕೇಳಿದರೇ ನಮ್ಮ ಜಿಲ್ಲೆಯವರಿಗೆ ಹೊಟ್ಟೆಯಲ್ಲಿ ತಳಮಳ. ಇನ್ನು ಪಾರ್ಕಿಂಗ್. ನೂರು ಕಾರಿನ ಜಾಗ ಮಾಡಿದರೆ ಇನ್ನೂರು ಬರುತ್ತವೆ. ಯಾಣದ ಕಥೆ ನಿಮಗೆ ಗೊತ್ತೇ ಇದೆ, ಯಾರ ತಲೆ ಮೇಲೆ ಕೈ ಇಟ್ಟರೂ ಭಸ್ಮ ಆಗಲಿ ಅಂತ ಶಿವ ಭಸ್ಮಾಸುರನಿಗೆ ವರ ಕೊಟ್ಟ, ಆಮೇಲೆ ತಾನೇ ಓಡಬೇಕಾಯಿತು. ಡಾಂಬರೂ ಒಂದು ವರವೇ. ಕೊಡುವಾಗ ಸ್ವಲ್ಪ ಯೋಚಿಸಿ.

ಕಾರು ತಡೆಯುವುದು ನಮ್ಮಲ್ಲಿ ನಡೆಯುವುದಿಲ್ಲ ಅಂತಲೂ ಹೇಳಬೇಡಿ. ನಡೆದಿದೆ. ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ನಿಮ್ಮ ಕಾರು ಹೋಗುವುದಿಲ್ಲ. ಬುಡದಲ್ಲಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸು ಹತ್ತಿ ಮೇಲೆ ಹೋಗಬೇಕು. ಶುರುವಿನಲ್ಲಿ ಗೊಣಗಿದವರು ಇರಬಹುದು, ಈಗ ಎಲ್ಲರೂ ಅದೇ ಪದ್ಧತಿ ಅಂತ ಹತ್ತುತ್ತಾರೆ. ಕುಮಾರ ಪರ್ವತದಲ್ಲಿ 2024ರ ಜನವರಿಯಲ್ಲಿ ಒಂದೇ ವಾರಾಂತ್ಯ ಸಾವಿರಾರು ಜನ ಹತ್ತಲು ಬಂದಾಗ ಸರ್ಕಾರವೇ ಚಾರಣ ನಿಲ್ಲಿಸಿ, ಮೊದಲೇ ಆನ್‌ಲೈನ್‌ನಲ್ಲಿ ಹೆಸರು ಬರೆಸಬೇಕು ಅಂತ ಮಾಡಿತು. ಯಾಣಕ್ಕೆ ಅಷ್ಟೆಲ್ಲ ಬಿಗಿ ಬೇಡ. ಅಕ್ಟೋಬರ್‌ನಿಂದ ಜನವರಿಯವರೆಗಿನ ಶನಿವಾರ, ಭಾನುವಾರ, ಶಿವರಾತ್ರಿ, ಮತ್ತೆ ಸಾಲು ರಜೆಗಳು. ಇಷ್ಟು ದಿನ ಸಾಕು. ಮಂಗಳವಾರ ಯಾರು ಬರುತ್ತಾರೆ? ಬಂದವರು ಕಾರಿನಲ್ಲೇ ಹೋಗಲಿ.

ಊರಿನವರಿಗೆ ಮಾತ್ರ ಯಾವತ್ತೂ ತಡೆ ಬೇಡ. ಅವರ ಜೀಪು, ಅವರ ಬೈಕು, ಅವರ ಮನೆಗೆ ಬರುವ ನೆಂಟರ ಕಾರು. ಅಡಿಕೆ ಹೇರಿದ ಗಾಡಿ ಭಾನುವಾರ ಅಂತ ನಿಲ್ಲುವುದಿಲ್ಲ. ಮದುವೆ ಮುಂಜಿ ಭಾನುವಾರವೇ ಇರುವುದು. ಇದನ್ನು ಮೊದಲೇ ಗಟ್ಟಿ ಮಾಡದಿದ್ದರೆ ಮೊದಲ ವಾರವೇ ಗೇಟಿನಲ್ಲಿ ಜಗಳವಾಗುತ್ತದೆ, ಮತ್ತು ಅದು ನ್ಯಾಯವಾದ ಜಗಳ. ಮೇಲೆ ಸೋಡಾ, ಕಬ್ಬಿನ ಹಾಲು, ಚಿಪ್ಸ್ ಮಾರುವವರನ್ನೂ ಕೂರಿಸಿ ಮಾತಾಡಿಸಿ. ಕಾರು ಕೆಳಗೇ ನಿಂತರೆ ವ್ಯಾಪಾರವೂ ಕೆಳಗೇ ನಿಲ್ಲುತ್ತದೆ ಅನ್ನುವ ಹೆದರಿಕೆ ಅವರಿಗೆ ಬಂದೇ ಬರುತ್ತದೆ. ಝಯನ್‌ನಲ್ಲಿ ನಾನು ಕಂಡದ್ದು ಬೇರೆ. ಸೈಕಲ್ ತುಳಿದವನಿಗೆ ಹಸಿವು ಜಾಸ್ತಿ. ಆದರೆ ನಾನು ಹೇಳಿದೆ ಅಂತ ಅವರು ನಂಬಬೇಕಾಗಿಲ್ಲ, ಅವರ ಜತೆ ಕೂತು ನೀವೇ ಲೆಕ್ಕ ಹಾಕಿ.

ಸೈಕಲ್ಲಿನ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಜಾಸ್ತಿ ಮಾತಾಡಲು ಬಿಡಿ, ನನ್ನ ಕಸುಬು ಅದು.

ಮೊದಲನೆಯದು ಬ್ರೇಕು. ಏರಿಗೆ ಮೋಟಾರು ಇದೆ, ಇಳಿಜಾರಿಗೆ ಬ್ರೇಕು ಬಿಟ್ಟರೆ ದೇವರೇ ಗತಿ. ಬ್ಯಾಟರಿ, ಮೋಟಾರು ಸೇರಿ ಮಾಮೂಲಿ ಸೈಕಲ್ಲಿಗಿಂತ ಭಾರ ಜಾಸ್ತಿ. ರಿಮ್ಮಿಗೆ ರಬ್ಬರು ತಾಗುವ ಹಳೇ ಬ್ರೇಕು ಉದ್ದ ಇಳಿಜಾರಿನಲ್ಲಿ ಕಾಯ್ದು ಸವೆಯುತ್ತದೆ. ಇಬ್ಬನಿಗೋ ಮಳೆಗೋ ಒದ್ದೆಯಾದರೆ ಹಿಡಿಯುವುದೂ ತಡವಾಗುತ್ತದೆ. ಎರಡೂ ಚಕ್ರಕ್ಕೆ ಡಿಸ್ಕ್ ಇಲ್ಲದ ಸೈಕಲ್ ಬಾಡಿಗೆಗೆ ಕೊಡಲೇಬಾರದು. ಟೆಂಡರು ಕರೆಯುವಾಗ ಕಡಿಮೆ ದರಕ್ಕೆ ಕೊಡುತ್ತೇನೆ ಅಂತ ಬರುವವನು ಮೊದಲು ಕತ್ತರಿ ಹಾಕುವುದು ಇಲ್ಲೇ. ಎರಡನೆಯದು ಮೋಟಾರು. ನನ್ನ ಸೈಕಲ್ಲಿನ ಹಾಗೆ ಹಿಂದಿನ ಹಬ್ಬಿನಲ್ಲಿ ಕೂತ ಮೋಟಾರು ಸಪಾಟು ರಸ್ತೆಗೆ ಸರಿ. ಗಟ್ಟಿ ಏರಿನಲ್ಲಿ ನಿಧಾನವಾಗಿ ಹೋದಷ್ಟೂ ಬಿಸಿಯಾಗುತ್ತದೆ. ಪೆಡಲಿನ ಹತ್ತಿರವೇ ಕೂತ ಮೋಟಾರು ಗೇರಿನ ಲಾಭ ತೆಗೆದುಕೊಳ್ಳುತ್ತದೆ, ಏರಿಗೆ ಅದೇ ಸರಿ. ದುಬಾರಿ, ಗೊತ್ತು. ಹತ್ತೇ ತೆಗೆದುಕೊಳ್ಳಿ, ಸರಿಯಾದ್ದು ತೆಗೆದುಕೊಳ್ಳಿ. ಕರೆಂಟಿನ ಚಿಂತೆ ಬೇಡ. 36 ವೋಲ್ಟಿನ, 10 ಆಂಪಿಯರ್-ಅವರ್‌ನ ಬ್ಯಾಟರಿಯನ್ನು ಖಾಲಿಯಿಂದ ಪೂರ್ತಿ ತುಂಬಿಸಲು ಅರ್ಧ ಯೂನಿಟ್ ಸಾಕು.

ಎಕ್ಸಲರೇಟರ್ ಇರುವುದು ಬೇಡ. ಅದು ಸೈಕಲ್ ವೇಷ ಹಾಕಿದ ಸ್ಕೂಟರ್. ಬಂಡೆಯ ಕಡೆ ಹೋಗುವ ಕಾಲುದಾರಿಗೆ ಯಾವ ಸೈಕಲ್ಲೂ ಬೇಡ. ಬಸ್ಸು ಬಂದರೆ ಪಕ್ಕಕ್ಕೆ ನಿಲ್ಲಬೇಕು, ಈ ಬೋರ್ಡನ್ನು ದೊಡ್ಡದಾಗಿ ಬರೆಸಿ. ಮಳೆಗಾಲದಲ್ಲಿ ಮುಚ್ಚಿಬಿಡಿ. ಉಂಬಳ, ಅಂದರೆ ಕಾಡಿನ ಜಿಗಣೆ, ಕಾಲಿಗೆ ಹತ್ತಿದವನು ಬ್ರೇಕ್ ಬಿಟ್ಟು ಉಂಬಳವನ್ನೇ ಹಿಡಿಯುತ್ತಾನೆ.

ಬ್ಯಾಂಕಿನ ಗೆಳೆಯ ಇದನ್ನೆಲ್ಲ ಓದಿ, "ಅಣಶಿಗೂ ಸೇರಿಸು, ಅದೇ ಅಲ್ವಾ ನಮ್ಮ ಜಿಲ್ಲೆಯ ನಿಜವಾದ ರಾಷ್ಟ್ರೀಯ ಉದ್ಯಾನ" ಅಂದ. ಸೇರಿಸಲಿಲ್ಲ. ಅಣಶಿ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಂದು ಭಾಗ. ಹುಲಿ, ಆನೆ, ಕಾಡುಕೋಣ ಇರುವ ಕಾಡು. ಕಾರು ಬರುವುದು ಪ್ರಾಣಿಗೆ ದೂರದಿಂದಲೇ ಕೇಳುತ್ತದೆ, ಸರಿದುಕೊಳ್ಳುತ್ತದೆ. ಬ್ಯಾಟರಿ ಸೈಕಲ್ ಸದ್ದಿಲ್ಲದೇ ತಿರುವಿನಲ್ಲಿ ಕಾಡುಕೋಣದ ಎದುರು ಹೋಗಿ ನಿಂತರೆ ಅದೂ ಬೆಚ್ಚುತ್ತದೆ, ನಾವೂ ಬೆಚ್ಚುತ್ತೇವೆ. ಆಮೇಲೆ ಏನಾಗುತ್ತದೆ ಅಂತ ಹೇಳಲು ನಾವು ಇರುವುದಿಲ್ಲ. ಝಯನ್‌ನಲ್ಲಿ ರಸ್ತೆ ಪಕ್ಕ ನಮಗೆ ಸಿಕ್ಕಿದ್ದು ಜಿಂಕೆ, ಕಾಡು ಟರ್ಕಿ ಕೋಳಿ ಮತ್ತು ತಿಂಡಿಗೆ ಕೈ ಚಾಚುವ ಅಳಿಲು. ಅಲ್ಲಿ ನಡೆದದ್ದೆಲ್ಲ ಇಲ್ಲಿ ನಡೆಯುವುದಿಲ್ಲ. ಸೈಕಲ್ ಎಲ್ಲಿಗೆ ಬೇಕು ಅಂತ ಕೇಳುವವನು ಎಲ್ಲಿಗೆ ಬೇಡ ಅಂತಲೂ ಹೇಳಬೇಕು.

ಎಲ್ಲರೂ ಸೈಕಲ್ ಹತ್ತುತ್ತಾರೆ ಅಂತಲೂ ನಾನು ಅಂದುಕೊಂಡಿಲ್ಲ. ಹತ್ತರಲ್ಲಿ ಒಂಬತ್ತು ಜನ ಬಸ್ಸನ್ನೇ ಹತ್ತಲಿ. ಅಜ್ಜಿ ತಾತನನ್ನು ಕರೆದುಕೊಂಡು ಬಂದವರು, ಎಳೆ ಮಗು ಇರುವವರು, ಸುಮ್ನೆ ಸೋಮಾರಿಗಳು, ಎಲ್ಲರಿಗೂ ಬಸ್ಸು. ಬಸ್ಸೇ ಮುಖ್ಯ. ಸೈಕಲ್ ಇರುವುದು ಬಸ್ಸಿಗೆ ಕಾಯಲು ಮನಸ್ಸಿಲ್ಲದವರಿಗೆ, ಕಾಲಿನಲ್ಲಿ ಸ್ವಲ್ಪ ಸೊಕ್ಕು ಉಳಿದವರಿಗೆ.

ಸೈಕಲ್ ಬಾಡಿಗೆ ನಮ್ಮೂರಿಗೆ ಹೊಸದೂ ಅಲ್ಲ. ಅಪ್ಪನ ಕಾಲದಲ್ಲಿ ನಮ್ಮ ಅಂಗಡಿಯ ಎದುರು ಬಾಡಿಗೆ ಸೈಕಲ್ ಸಾಲಾಗಿ ನಿಲ್ಲುತ್ತಿದ್ದವು. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಗಂಟೆಗೆ ಎಂಟಾಣೆ. ಉದ್ದದ ಲೆಕ್ಕದ ಪುಸ್ತಕದಲ್ಲಿ ಹೆಸರು, ಊರು, ಹೊರಟ ಹೊತ್ತು, ಬಂದ ಹೊತ್ತು. ಹೊತ್ತು ಮೀರಿದರೆ ಅಪ್ಪ ಗಡಿಯಾರ ತೋರಿಸುತ್ತಿದ್ದ, ಹುಡುಗರು ಪಂಕ್ಚರ್ ಆಯ್ತು ಅಂತ ಸುಳ್ಳು ಹೇಳುತ್ತಿದ್ದರು. ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಬಾಡಿಗೆ ಕೆಲಸವನ್ನು ಯಾಣದ ಸುತ್ತಲಿನ ಹುಡುಗರಿಗೆ, ಹೆಂಗಸರ ಸ್ವಸಹಾಯ ಸಂಘಕ್ಕೆ ಕೊಡಿ. ಬೆಂಗಳೂರಿನಿಂದ ಆ್ಯಪು ಹಿಡಿದುಕೊಂಡು ಬರುವವರಿಗೆ ಬೇಡ. ಯಾಣದಲ್ಲಿ ನೆಟ್‌ವರ್ಕ್ ಹುಡುಕುತ್ತಾ ನಿಂತರೆ ಸೈಕಲ್ಲಿನ ಬೀಗವೇ ತೆಗೆಯುವುದಿಲ್ಲ. ಪುಸ್ತಕ, ಪೆನ್ನು ಸಾಕು.

ಒಂದು ಡಿಸೆಂಬರ್, ನಾಲ್ಕು ಭಾನುವಾರ, ಅಷ್ಟು ಮಾಡಿ ನೋಡಿ. ಸರಿ ಬರದಿದ್ದರೆ ಬಿಟ್ಟುಬಿಡಿ, ನಾನು ಇನ್ನೊಂದು ಪತ್ರ ಬರೆಯುವುದಿಲ್ಲ. ಮಾಡುವುದಾದರೆ ಸಂಘದ ಹುಡುಗಿಯರಿಗೆ ಬ್ರೇಕ್ ಸೆಟ್ ಮಾಡುವುದು, ಟ್ಯೂಬ್ ಬದಲಿಸುವುದು, ಬ್ಯಾಟರಿ ಪಾಯಿಂಟು ಒರೆಸುವುದು ನಾನು ಕಲಿಸಿಕೊಡುತ್ತೇನೆ. ಎರಡು ದಿನದ ಕೆಲಸ. ದುಡ್ಡು ಬೇಡ. ಸ್ಪ್ಯಾನರು, ಪಂಪು ನನ್ನದೇ ತರುತ್ತೇನೆ. ಆ ಚೀಟಿ ಪುಸ್ತಕವನ್ನು ಮತ್ತೆ ಪ್ರಿಂಟಿಗೆ ಕೊಡುವಾಗ ಬೈಕಿನ ಕೆಳಗೆ ಸೈಕಲ್ಲಿಗೆ ಅಂತ ಒಂದು ಸಾಲು ಸೇರಿಸಿ.

ಇಂತಿ,
ಶಿರಸಿಯ ಒಬ್ಬ ಸೈಕಲ್ ರಿಪೇರಿಯವ